ಬಿಲ್ಡರ್ ಕಟ್ಟಿ ಹೋಗುತ್ತಾನೆ, ಬಿಲ್ಲು ಕಟ್ಟುವವರು ನಾವು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹೌಸಿಂಗ್ ಸೊಸೈಟಿಗಳ ಪುನರಾಭಿವೃದ್ಧಿಯ (ಹಳೆಯ ಕಟ್ಟಡ ಕೆಡವಿ ಬಿಲ್ಡರ್ ಕೈಯಲ್ಲಿ ಹೊಸದು ಕಟ್ಟಿಸುವುದರ) ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಕಾರ್ಪೆಟ್ ವಿಸ್ತೀರ್ಣ (ಗೋಡೆಗಳ ಒಳಗಿನ ಬಳಕೆಯ ನೆಲ) ಎಷ್ಟು ಹೆಚ್ಚು ಕೇಳಬೇಕು, ಬಿಲ್ಡರ್ ಸದಸ್ಯರಿಗೆ ಕೊಡುವ ಇಡುಗಂಟು ಅಂದರೆ ಕಾರ್ಪಸ್ ಹಣ ಎಷ್ಟು, ಬಾಡಿಗೆಗೆ ಎಷ್ಟು ತಿಂಗಳ ಮುಂಗಡ ಚೆಕ್ಕು, ಬ್ಯಾಂಕ್ ಗ್ಯಾರಂಟಿ ಹೇಗಿರಬೇಕು ಎಂಬುದೆಲ್ಲ ಅದರಲ್ಲಿತ್ತು. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು ನಾನು. ಹಣದ ಮಾತು ನನಗೆ ಕಹಿಯೇನಲ್ಲ. ಆದರೆ ಇಡೀ ಬರಹದಲ್ಲಿ ಕಿಟಕಿ ಎಂಬ ಪದ ಒಂದು ಸಲವೂ ಕಾಣಿಸಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿಸಿ, ಲೆಕ್ಕದ ಭಾಗವನ್ನು ಮಾತ್ರ ಬಿಡಬೇಡಿ.

ನಮ್ಮದು ಚೆಂಬೂರಿನಲ್ಲಿ 1974ರಲ್ಲಿ ಕಟ್ಟಿದ ಕಟ್ಟಡ. ನೆಲ ಅಂತಸ್ತಿನ ಮೇಲೆ ಮೂರು ಮಹಡಿ, ಒಟ್ಟು 24 ಮನೆ, ಲಿಫ್ಟ್ ಇಲ್ಲ. ಪ್ರತಿ ಮಹಡಿಯಲ್ಲಿ ಆರು ಮನೆಗಳ ಮುಂದೆ ಪೂರ್ವಕ್ಕೆ ತೆರೆದ ಉದ್ದನೆಯ ಗ್ಯಾಲರಿ. ಹಿಂದೆ ಪಶ್ಚಿಮಕ್ಕೆ ಕಿಟಕಿಗಳು, ಅವುಗಳಾಚೆ ಒಂದು ದೊಡ್ಡ ಕಾಡುಬಾದಾಮಿ ಮರ. 1981ರಲ್ಲಿ ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದಾಗ, ಇದೇನು ಮನೆಯೋ ರೈಲಿನ ಬೋಗಿಯೋ ಎಂದು ಅತ್ತಿದ್ದೆ. ಈಗ ಸೊಸೈಟಿಯ ಖಜಾಂಚಿಯಾಗಿ ಹನ್ನೊಂದು ವರ್ಷ. ಕಟ್ಟಡ ಹಳತಾಗಿದೆ, ಕಂಬಗಳ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದೆ, ಮೂರನೆಯ ಮಹಡಿಯ ಹಿರಿಯರು ಮೆಟ್ಟಿಲು ಹತ್ತಲಾರರು. ಅದನ್ನು ಕೆಡವಿ ಹೊಸದು ಕಟ್ಟಬೇಕು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಹಳೆಯದೆಲ್ಲ ಹೊನ್ನು ಎಂದು ಹಾಡಲು ನಾನು ಕುಳಿತಿಲ್ಲ.

ಕಳೆದ ತಿಂಗಳು ವಿಶೇಷ ಸಾಮಾನ್ಯ ಸಭೆ ನಡೆಯಿತು. ಡೆವಲಪರ್ ಕಡೆಯಿಂದ ಬಂದ ಯುವ ವಾಸ್ತುಶಿಲ್ಪಿ ಪರದೆಯ ಮೇಲೆ 22 ಮಹಡಿಯ ಗೋಪುರ ತೋರಿಸಿದರು. ಎರಡು ಮಹಡಿ ಎತ್ತರದ ಲಾಬಿ, ಅದರಲ್ಲಿ ಇಟಾಲಿಯನ್ ಮಾರ್ಬಲ್. ಜಿಮ್. ತಾರಸಿಯಲ್ಲಿ ಲೌಂಜ್. ಚಿತ್ರದಲ್ಲಿ ಓಡಾಡುತ್ತಿದ್ದವರು ಯಾರೂ ನಮ್ಮ ಬೀದಿಯವರಂತೆ ಕಾಣಲಿಲ್ಲ ಎಂಬುದು ಬೇರೆ ವಿಷಯ. ಮೂರನೆಯ ಮಹಡಿಯ ಮರಾಠಿ ಕಾಕೂ ಎದ್ದು, "ಬಾಳಾ, ಇದರಲ್ಲಿ ಹಪ್ಪಳ ಎಲ್ಲಿ ಒಣಗಿಸುವುದು?" ಎಂದು ಕೇಳಿದರು. ಇಡೀ ಸಭೆ ನಕ್ಕಿತು. ವಾಸ್ತುಶಿಲ್ಪಿಯೂ ನಕ್ಕು, "ಪೋಡಿಯಂ ಗಾರ್ಡನ್ ಇದೆಯಲ್ಲ ಕಾಕೂ" ಎಂದರು. ಪಾರ್ಕಿಂಗ್ ಮಹಡಿಗಳ ಮೇಲೆ ಮಾಡುವ ತೋಟ ಅದು. ಪಕ್ಕದ ಗೋಪುರದ ಪೋಡಿಯಂ ಗಾರ್ಡನ್ನಿನಲ್ಲಿ ಬಟ್ಟೆ, ಹಪ್ಪಳ, ಮೆಣಸಿನಕಾಯಿ ಯಾವುದನ್ನೂ ಹರವಬಾರದೆಂದು ಫಲಕ ಹಾಕಿರುವುದನ್ನು ನಾನು ದಿನಾ ವಾಕಿಂಗಿನಲ್ಲಿ ನೋಡುತ್ತೇನೆ.

ನನ್ನ ಸರದಿ ಬಂದಾಗ ಕೋಣೆಯ ಕಿಟಕಿಯ ಅಳತೆ ಕೇಳಿದೆ. "ಐದಡಿಗೆ ನಾಲ್ಕಡಿ, ದೊಡ್ಡದೇ ಇದೆ ಆಂಟಿ" ಎಂದರು. ಕೋಣೆ ಹತ್ತಕ್ಕೆ ಹನ್ನೊಂದು ಅಡಿ. ಅಂದರೆ 110 ಚದರಡಿ ನೆಲಕ್ಕೆ 20 ಚದರಡಿ ಕಿಟಕಿ. ಕೇಳಿದರೆ ಚೆನ್ನಾಗಿಯೇ ಇದೆ. ಆದರೆ ಅದು ಎರಡು ಗಾಜಿನ ಜಾರು ಕಿಟಕಿ, ಒಂದು ಗಾಜು ಇನ್ನೊಂದರ ಹಿಂದೆ ಸರಿಯುವಂಥದು. ಪೂರ್ತಿ ತೆರೆದೆ ಎಂದರೂ ತೆರೆಯುವುದು ಅರ್ಧವೇ, ಹತ್ತು ಚದರಡಿ. ಗಾಳಿಗೆ ಸಿಕ್ಕಿದ್ದು ನೆಲದ ಹನ್ನೊಂದರಲ್ಲಿ ಒಂದು ಪಾಲು.

ಈ ಪಾಲಿನ ಲೆಕ್ಕ ನಾನು ಕಟ್ಟಿದ್ದಲ್ಲ. ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ವಸತಿ ಕಟ್ಟಡಗಳಿಗೆಂದು ಇಕೋ ನಿವಾಸ್ ಸಂಹಿತೆ ಹೊರತಂದಿದೆ. ನಮ್ಮಂಥ ಸೆಕೆಯ, ಬೆವರಿನ ಊರಿನಲ್ಲಿ ಮನೆಯ ಕಾರ್ಪೆಟ್ ವಿಸ್ತೀರ್ಣದ ಶೇ. 16.66ರಷ್ಟಾದರೂ, ಎಂದರೆ ಆರನೆಯ ಒಂದು ಪಾಲು, ತೆರೆಯಲು ಬರುವ ಕಿಟಕಿ–ಬಾಗಿಲು ಇರಬೇಕು ಎಂದು ಅದು ಹೇಳುತ್ತದೆ. ಬಿಸಿಲು ಹೆಚ್ಚಿ ಗಾಳಿ ಒಣಗಿರುವ ಊರುಗಳಿಗೆ ಶೇ. 10 ಸಾಕು, ನಮಗೆ ಹೆಚ್ಚು ಬೇಕು, ಏಕೆಂದರೆ ಮುಂಬಯಿಯಲ್ಲಿ ಸಂಕಟ ಬರಿಯ ಬಿಸಿಯದಲ್ಲ, ಮೈಯ ಬೆವರು ಆರದಿರುವುದು. ಬೆವರು ಆರಲು ಗಾಳಿ ಮೈಮೇಲೆ ಹಾಯಬೇಕು. ಗೋಡೆ ಮತ್ತು ಕಿಟಕಿಗಳ ಮೂಲಕ ಒಳಗೆ ಬರುವ ಶಾಖ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು ಎಂಬ ಮಿತಿಯೂ ಆ ಸಂಹಿತೆಯಲ್ಲಿದೆ. ಕಿಟಕಿಯ ಲೆಕ್ಕವನ್ನು ಇಡೀ ಕಟ್ಟಡಕ್ಕೆ ಹಾಕುತ್ತಾರೆ, ಬಾಲ್ಕನಿಯ ಬಾಗಿಲೂ ಅದರಲ್ಲಿ ಸೇರುತ್ತದೆ. ನಾನು ಒಂದೊಂದೇ ಕೋಣೆಯನ್ನು ಅಳೆದಿದ್ದೇನೆ, ಅಷ್ಟು ವ್ಯತ್ಯಾಸ ಇಟ್ಟುಕೊಳ್ಳಿ. ಆದರೆ ನಮ್ಮ ನಕ್ಷೆಯಲ್ಲಿ ಬಾಲ್ಕನಿಯೇ ಇಲ್ಲ.

ಮರುವಾರ ಈ ಸಂಹಿತೆಯ ಮಾತೆತ್ತಿದಾಗ ಆ ಹುಡುಗ ಸುಳ್ಳು ಹೇಳಲಿಲ್ಲ. "ನಮಗೆ ಕಾಲೇಜಿನಲ್ಲಿ ಕಲಿಸಿದ್ದಾರೆ ಆಂಟಿ. ಆದರೆ ಸೊಸೈಟಿಯವರು ಯಾರೂ ಕೇಳುವುದಿಲ್ಲ" ಎಂದರು. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಹೌದಲ್ಲ, ನಾವು ಏನು ಕೇಳಿದೆವು? ನಾಲ್ಕು ಸಭೆಗಳ ನಡಾವಳಿ ಪುಸ್ತಕ ನನ್ನ ಬಳಿಯೇ ಇದೆ. ಪಾರ್ಕಿಂಗ್ ಬಗ್ಗೆ ಹದಿನೇಳು ಪ್ರಶ್ನೆ, ಲಾಬಿಯ ಕಲ್ಲಿನ ಬಗ್ಗೆ ಆರು. ಗಾಳಿ–ಬೆಳಕಿನ ಬಗ್ಗೆ ಕಾಕೂ ಕೇಳಿದ ಹಪ್ಪಳದ ಪ್ರಶ್ನೆ ಒಂದೇ. ಅದನ್ನು ಕಾರ್ಯದರ್ಶಿಗಳು ಬರೆದುಕೊಂಡೇ ಇಲ್ಲ.

ಇನ್ನು ನನ್ನ ಇಲಾಖೆಯ ಲೆಕ್ಕ. ಹೊಸ ನಕ್ಷೆಯಲ್ಲಿ ಮನೆಗಳ ನಡುವಿನ ಪ್ಯಾಸೇಜು ಕಟ್ಟಡದ ಹೊಟ್ಟೆಯೊಳಗಿದೆ. ಒಂದೇ ಒಂದು ಕಿಟಕಿ ಇಲ್ಲ. ಅಂದರೆ ಹಗಲೂ ರಾತ್ರಿ ದೀಪ ಉರಿಯಬೇಕು. ಮಹಡಿಗೆ 10 ವ್ಯಾಟಿನ 12 ದೀಪ ತೋರಿಸಿದ್ದಾರೆ. 22 ಮಹಡಿಗೆ 2,640 ವ್ಯಾಟ್, 24 ಗಂಟೆಗೆ 63 ಯೂನಿಟ್ ದಾಟುತ್ತದೆ, ತಿಂಗಳಿಗೆ 1,900. ಯೂನಿಟ್‌ಗೆ ಹತ್ತೇ ರೂಪಾಯಿ ಎಂದು ಹಿಡಿದರೂ ಬರಿಯ ಪ್ಯಾಸೇಜಿನ ಬೆಳಕಿಗೆ ತಿಂಗಳಿಗೆ 19,000 ರೂಪಾಯಿ. ಈಗಿನ ನಮ್ಮ ಗ್ಯಾಲರಿಗಳಲ್ಲಿ ಮಹಡಿಗೆ ಎರಡರಂತೆ 20 ವ್ಯಾಟಿನ ಎಂಟು ಟ್ಯೂಬ್‌ಲೈಟ್, ಸಂಜೆ ಆರರಿಂದ ಬೆಳಗಿನ ಆರರವರೆಗೆ. ತಿಂಗಳಿಗೆ 58 ಯೂನಿಟ್. ಅದೇ ದರದಲ್ಲಿ 580 ರೂಪಾಯಿ. ಮನೆಗಳ ಸಂಖ್ಯೆ ಹೆಚ್ಚುತ್ತದೆ, ಹಂಚಿಕೆಯಾಗುತ್ತದೆ ಎನ್ನಬಹುದು. ಆಗಲಿ, ಹಗಲು ಹನ್ನೆರಡು ಗಂಟೆಗೆ ಸೂರ್ಯ ಹೊರಗಿರುವಾಗ ಒಳಗೆ ದೀಪ ಹಚ್ಚಿ ಹಂಚಿಕೊಳ್ಳುವುದು ಯಾವ ಜಾಣತನ? ಬಿಲ್ಡರ್ ಕಟ್ಟಿ ಹೋಗುತ್ತಾನೆ. ಕರೆಂಟ್ ಬಿಲ್ಲು ಕಟ್ಟುತ್ತಲೇ ಇರಬೇಕಾದವರು ನಾವು, ನಮ್ಮ ನಂತರ ನಮ್ಮ ಮಕ್ಕಳು.

ಗ್ಯಾಲರಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಇದಕ್ಕೆ ಯೂನಿಟ್ಟಿನ ಲೆಕ್ಕ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ನಮ್ಮ ನೆಲ ಅಂತಸ್ತಿನ ಆರು ಮನೆಗೂ ನೀರು ನುಗ್ಗಿತು. ಆ ಆರು ಸಂಸಾರ ಎರಡು ರಾತ್ರಿ ಕಳೆದದ್ದು ಎರಡನೆಯ ಮಹಡಿಯ ಗ್ಯಾಲರಿಯಲ್ಲಿ. ನಾನು ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ಮಾಡಿದೆ. ಪಕ್ಕದ ಮನೆಯವರು ಉಪ್ಪಿನಕಾಯಿ ತಂದರು. ಕರೆಂಟ್ ಇರಲಿಲ್ಲ, ಮೇಣದಬತ್ತಿಯ ಬೆಳಕಿನಲ್ಲಿ ಸಾಲಾಗಿ ಕುಳಿತು ಉಂಡೆವು. ಯಾರ ಮನೆಯ ಬಾಗಿಲನ್ನೂ ಯಾರೂ ತಟ್ಟಬೇಕಾಗಿರಲಿಲ್ಲ. ನಮ್ಮವರು ತೀರಿಕೊಂಡ ವರ್ಷ ನನ್ನನ್ನು ಉಳಿಸಿದ್ದೂ ಅದೇ ಆರಡಿ ಅಗಲದ ಜಾಗ. ಸೊಪ್ಪು ಬಿಡಿಸುತ್ತ ಬಾಗಿಲ ಮುಂದೆ ಕುಳಿತರೆ ಒಬ್ಬರಾದರೂ ಮಾತಾಡಿಸಿಯೇ ಹೋಗುತ್ತಿದ್ದರು. ವಾಸ್ತುಶಿಲ್ಪಿಗಳ ಭಾಷೆಯಲ್ಲಿ ಇದಕ್ಕೆ ಸಮುದಾಯ ಸ್ಥಳ ಎಂದು ಹೆಸರಂತೆ. ಈಗ ಅದಕ್ಕೆಂದೇ ಕೀಲಿ ಹಾಕಿದ ಒಂದು ಕೋಣೆ ಕೊಡುತ್ತಾರೆ, ಬಾಡಿಗೆಗೆ ಪಡೆಯಬೇಕು.

"ಗ್ಯಾಲರಿ ಚಾಲಿನವರಿಗೆ, ಗೋಪುರಕ್ಕಲ್ಲ" ಎಂದು ನಮ್ಮ ಸಮಿತಿಯಲ್ಲೇ ಒಬ್ಬರು ಮೂಗು ಮುರಿದರು. ಚಾಲ್ ಎಂದರೆ ಕಾರ್ಮಿಕರ ಹಳೆಯ ವಠಾರ. ಅವರಿಗಾಗಿ ಕಂಬಾಲಾ ಹಿಲ್‌ನ ಕಾಂಚನಜುಂಗಾ ಕಟ್ಟಡದ ಉದಾಹರಣೆ ಕೊಡುತ್ತೇನೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಅದು 1983ರಲ್ಲಿ ಪೂರ್ಣಗೊಂಡಿತು; 28 ಮಹಡಿ, 32 ಮನೆ, ಎಲ್ಲವೂ ಶ್ರೀಮಂತರದು. ಅದರ ಮೂಲೆಗಳಲ್ಲಿ ದೊಡ್ಡ ಗೂಡುಗಳಂತೆ ಕಾಣುವುವು ಎರಡು ಮಹಡಿ ಎತ್ತರದ ಜಗಲಿಗಳು. ಕೊರಿಯಾ ಅವರ ತರ್ಕ ಸರಳ. ಮುಂಬಯಿಯಲ್ಲಿ ಕಡಲ ಗಾಳಿ ಬರುವುದು ಪಶ್ಚಿಮದಿಂದ, ಸುಡುವ ಇಳಿಬಿಸಿಲೂ ಅಲ್ಲಿಂದಲೇ, ಮುಂಗಾರಿನ ಎರಚಲೂ ಆ ಕಡೆಯಿಂದಲೇ. ಗಾಳಿ ಬೇಕು, ಉಳಿದೆರಡು ಬೇಡ. ಹಳೆಯ ಬಂಗಲೆಗಳವರು ಇದಕ್ಕೆ ಮನೆಯ ಸುತ್ತ ವರಾಂಡ ಕಟ್ಟಿಕೊಂಡಿದ್ದರು. ಅದೇ ವರಾಂಡವನ್ನು ಅವರು ಆಕಾಶಕ್ಕೆ ಏರಿಸಿದರು.

ಇದನ್ನು ತಿಳಿಯಲು ಕುಂದಾಪುರದ ಕಡೆಯ ನಮ್ಮಂಥವರಿಗೆ ಪುಸ್ತಕ ಬೇಕಿಲ್ಲ. ನನ್ನ ಅಜ್ಜನ ಮನೆಯಲ್ಲಿ ಮೇ ತಿಂಗಳ ಕೊನೆಗೆ ಮಡಲು ಹೆಣೆದು ಜಗಲಿಯ ಪಡುಬದಿಗೆ ತಟ್ಟಿ ಕಟ್ಟುತ್ತಿದ್ದರು, ಮಳೆಗಾಲ ಮುಗಿದ ಮೇಲೆ ಬಿಚ್ಚುತ್ತಿದ್ದರು. ಮಂಗಳೂರು ಹೆಂಚಿನ ಮಾಡು ಗೋಡೆಯಿಂದ ಮೂರಡಿ ಮುಂದಕ್ಕೆ ಚಾಚಿರುತ್ತಿತ್ತು. ಮಧ್ಯಾಹ್ನ ಕಾವಿ ನೆಲದ ಮೇಲೆ ಚಾಪೆಯೂ ಇಲ್ಲದೆ ಮಲಗಿದರೆ ನಿದ್ದೆ ಬರುತ್ತಿತ್ತು. ಅಲ್ಲಿಂದ ಬಂದ ನಾವು ಇಲ್ಲಿ ಪಶ್ಚಿಮದ ಗೋಡೆಗೆ ಸಜ್ಜಾ ಕೂಡ ಇಲ್ಲದ ನುಣ್ಣನೆಯ ಗಾಜನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದೇವೆ. ಸಂಜೆಯ ಸೂರ್ಯ ತಗ್ಗಿನಲ್ಲಿರುತ್ತಾನೆ. ಅಡ್ಡ ಸಜ್ಜಾ ಒಂದರಿಂದಲೇ ಅವನನ್ನು ತಡೆಯಲಾಗದು. ಜಗಲಿಯ ಆಳ ಬೇಕು, ಇಲ್ಲವೇ ನೆಟ್ಟಗೆ ನಿಲ್ಲಿಸಿದ ತಡೆಹಲಗೆ, ಜಾಲಂಧ್ರ, ಮರ. ಅಂದ ಹಾಗೆ ಬಾದಾಮಿ ಮರವಿರುವ ಜಾಗದಲ್ಲಿ ನಕ್ಷೆಯವರು ಕಾರಿನ ಇಳಿಜಾರು ತೋರಿಸಿದ್ದಾರೆ.

ಗೋಡೆಯ ವಿಷಯ ಬೇಗ ಮುಗಿಸುತ್ತೇನೆ. ಈಗ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಗೂ ಕಾಂಕ್ರೀಟನ್ನೇ ಸುರಿಯುತ್ತಾರೆ. ಕೆಲಸ ಬೇಗ ಆಗುತ್ತದೆ. ಆದರೆ ಗಾಳಿಗುಳ್ಳೆಗಳಿರುವ ಹಗುರ ಎಎಸಿ ಬ್ಲಾಕ್‌ಗೆ ಹೋಲಿಸಿದರೆ ಕಾಂಕ್ರೀಟ್ ಹಲವು ಪಟ್ಟು ಹೆಚ್ಚು ಶಾಖವನ್ನು ಒಳಕ್ಕೆ ದಾಟಿಸುತ್ತದೆ. ಪಶ್ಚಿಮದ ಗೋಡೆಗಳಾದರೂ ಬ್ಲಾಕಿನವಾಗಲಿ ಎಂದು ಕೇಳುವುದು ದುರಾಸೆಯಲ್ಲ. ತಾರಸಿಯ ಮಾತೂ ಹಾಗೆಯೇ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಹೌಸಿಂಗ್ ಸೊಸೈಟಿಗಳ ಸಾಮಾನ್ಯ ಬಳಕೆಯ ಸೌರಫಲಕಗಳಿಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನ ಇದೆ. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಆ ಜಾಗದಲ್ಲಿ ನಮಗೆ ಲೌಂಜ್ ಬರುತ್ತಿದೆ.

ನನ್ನ ಮಲಗುವ ಕೋಣೆಯಲ್ಲಿ ಎಸಿ ಇದೆ ಎಂದು ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ನೆರೆಯವರು ನಗುತ್ತಾರೆ. ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ಮಗ ಹಾಕಿಸಿದ. ಏಪ್ರಿಲ್, ಮೇ, ಅಕ್ಟೋಬರ್‌ಗಳಲ್ಲಿ ಹಾಕುತ್ತೇನೆ, ಉಳಿದ ತಿಂಗಳು ಫ್ಯಾನು ಸಾಕು. ಚೆಂಬೂರಿನ ಗಾಳಿಯ ಮಾತೆತ್ತಿದರೆ ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ. ಕಾರ್ಖಾನೆಗಳ ವಾಸನೆ, ಪಾರಿವಾಳ, ಸೊಳ್ಳೆ, ರಸ್ತೆಯ ಧೂಳು ಎಲ್ಲವೂ ನಿಜ. ಕಿಟಕಿ ಮುಚ್ಚಬೇಕಾದ ದಿನ ಮುಚ್ಚೋಣ. ಆದರೆ ತೆರೆಯಬೇಕೆಂದಾಗ ತೆರೆಯಲು ಕಿಟಕಿ ಇರಬೇಕಲ್ಲ? ವರ್ಷವಿಡೀ ಎಸಿ ಹಾಕದೆ ಬದುಕಲಾಗದ ಮನೆ ಕಟ್ಟಿಕೊಟ್ಟು, ಮೇಲೆ ಐದು ನಕ್ಷತ್ರದ ಎಸಿ ಉಡುಗೊರೆ ಎಂದು ಜಾಹೀರಾತು ಹಾಕುವುದು ಮಗುವನ್ನು ಚಿವುಟಿ ತೊಟ್ಟಿಲು ತೂಗಿದ ಹಾಗೆ.

ನಮ್ಮ ಮನೆಗೆಲಸಕ್ಕೆ ಬರುವಾಕೆ ಗೋವಂಡಿ ಕಡೆಯ ಪುನರ್ವಸತಿ ಕಟ್ಟಡವೊಂದರಲ್ಲಿದ್ದಾಳೆ, ಮೊದಲ ಮಹಡಿಯ 225 ಚದರಡಿ ಮನೆ. ಅವಳಿಗೆ ಜ್ವರ ಬಂದಾಗ ನೋಡಲು ಹೋಗಿದ್ದೆ. ಮಧ್ಯಾಹ್ನ ಹನ್ನೆರಡೂವರೆ. ಅವಳ ತಾಯಿ ಅಕ್ಕಿ ಆರಿಸುತ್ತಿದ್ದರು, ಒಂದು ಕೈಯಲ್ಲಿ ಮೊಬೈಲಿನ ಟಾರ್ಚ್ ಹಿಡಿದುಕೊಂಡು. ಕರೆಂಟ್ ಹೋಗಿತ್ತು. ಕಿಟಕಿ ಇತ್ತು, ಆದರೆ ಮೂರು ಮೀಟರ್ ಆಚೆ ಎದುರು ಕಟ್ಟಡದ ಗೋಡೆ. ಮೇಲಿನವರು ಎಸೆಯುವ ಕಸ ಒಳಗೆ ಬೀಳುತ್ತದೆಂದು ಅದಕ್ಕೆ ಹಲಗೆ ಬಡಿದಿದ್ದರು. ಗೋವಂಡಿ–ಮಾನ್ಖುರ್ದ್ ಕಡೆಯ ಇಂಥ ಕಾಲೊನಿಗಳಲ್ಲಿ ಗಾಳಿ–ಬೆಳಕಿನ ಕೊರತೆಗೂ ಕ್ಷಯರೋಗಕ್ಕೂ ಇರುವ ನಂಟನ್ನು, ಅದರಲ್ಲೂ ಕೆಳಗಿನ ಮಹಡಿಗಳಲ್ಲಿ, 2018ರಲ್ಲಿ ಹೊರಬಂದ ಅಧ್ಯಯನ ತೋರಿಸಿದೆ.

ಈ ಊರಿಗೆ ಈ ಪಾಠ ಹೊಸದೂ ಅಲ್ಲ. 1896ರ ಪ್ಲೇಗ್ ನಂತರ 1898ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ನಮ್ಮ ಕನ್ನಡಿಗರು ಹೋಟೆಲು, ಸಂಘ ಕಟ್ಟಿಕೊಂಡು ನೆಲೆನಿಂತ ದಾದರ್–ಮಾಟುಂಗಾ ಬಡಾವಣೆಗಳು ಅದರ ಕೂಸು. ಆ ಟ್ರಸ್ಟಿನವರು 63½ ಡಿಗ್ರಿಯ ಬೆಳಕಿನ ನಿಯಮ ಎಂದು ಒಂದನ್ನು ಇಟ್ಟುಕೊಂಡಿದ್ದರು: ಕೆಳಗಿನ ಕೋಣೆಯ ಬುಡದಿಂದ ಎದುರು ಕಟ್ಟಡದ ತುದಿಗೆ ಎಳೆದ ಗೆರೆ ಅದಕ್ಕಿಂತ ಕಡಿದಾಗಿರಬಾರದು. ಸರಳವಾಗಿ ಹೇಳಿದರೆ, ಕಟ್ಟಡದ ಎತ್ತರದ ಅರ್ಧದಷ್ಟಾದರೂ ಬಯಲು ಎದುರಿಗೆ ಬೇಕು. ಈ ಲೆಕ್ಕದಲ್ಲಿ 70 ಮೀಟರ್ ಗೋಪುರದ ಮುಂದೆ 35 ಮೀಟರ್ ಬಯಲಿರಬೇಕು. ಈ ಕಾಲದ ಮುಂಬಯಿಯಲ್ಲಿ ಅದನ್ನು ಕೇಳುವುದು ಹುಚ್ಚು, ಒಪ್ಪುತ್ತೇನೆ. ಆದರೂ ಮಾಟುಂಗಾದ ಹಳೆಯ ಮನೆಯ ನೆಲ ಅಂತಸ್ತಿನಲ್ಲಿ ಕುಳಿತು ದೀಪವಿಲ್ಲದೆ ಪತ್ರಿಕೆ ಓದಿದವರಿಗೆ ಆ ನಿಯಮದ ಬೆಲೆ ಗೊತ್ತು. (ನಮ್ಮ ಕನ್ನಡಿಗರದೇ ಒಂದು ಸಭಾಭವನದಲ್ಲಿ ಮೊನ್ನೆ ಮಧ್ಯಾಹ್ನ ಮೂರು ಗಂಟೆಗೆ ಕವಿಗೋಷ್ಠಿ. ಕಿಟಕಿಗಳಿಗೆಲ್ಲ ಪರದೆ, ನೆತ್ತಿಯ ಮೇಲೆ ನಲವತ್ತು ದೀಪ, ಚಳಿಗೆ ಸೆರಗು ಹೊದ್ದು ಕುಳಿತ ನಾವು. ಕವಿತೆಗಳೆಲ್ಲ ಬೆಳದಿಂಗಳ ಮೇಲೆ, ತಂಗಾಳಿಯ ಮೇಲೆ.)

ಸಭೆ ಮುಗಿದ ನಂತರದ ಭಾನುವಾರ ಹಾರ್ಬರ್ ಲೈನಿನ ಗಾಡಿ ಹತ್ತಿ ನವಿ ಮುಂಬಯಿಯ ಬೇಲಾಪುರಕ್ಕೆ ಹೋದೆ. ತಂಗಿ ಅಲ್ಲೇ ಇದ್ದಾಳೆ. ಅವಳ ಮನೆಯಿಂದ ಆಟೊದಲ್ಲಿ ಆರ್ಟಿಸ್ಟ್ಸ್ ವಿಲೇಜ್ ಹತ್ತಿರವೇ. 1980ರ ದಶಕದಲ್ಲಿ ಇದೇ ಕೊರಿಯಾ ಅವರು ನವಿ ಮುಂಬಯಿ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊಗಾಗಿ ವಿನ್ಯಾಸ ಮಾಡಿದ ವಸತಿ ಅದು. ಏಳು ಮನೆಗಳ ನಡುವೆ ಸುಮಾರು ಎಂಟು ಮೀಟರ್ ಚೌಕದ ಒಂದು ಅಂಗಳ. ಅಂಥ ಮೂರು ಗುಂಪು ಸೇರಿ, ಅಂದರೆ 21 ಮನೆಗಳಿಗೆ, ಹನ್ನೆರಡು ಮೀಟರ್ ಚೌಕದ ಇನ್ನೊಂದು ಅಂಗಳ. ನಿವೇಶನಗಳು 45ರಿಂದ 75 ಚದರ ಮೀಟರ್, ಅಂದರೆ ಬಡವನಿಗೂ ಅನುಕೂಲಸ್ಥನಿಗೂ ಅಂತರ ಹೆಚ್ಚಿಲ್ಲ. ಒಂದು ಮನೆಯ ಗೋಡೆ ಇನ್ನೊಂದಕ್ಕೆ ಅಂಟಿಲ್ಲ. ಕೈಯಲ್ಲಿ ಕಾಸು ಬಂದಾಗ ಪಕ್ಕದವನನ್ನು ಕೇಳದೆ ಬೆಳೆಸಿಕೊಳ್ಳಬಹುದು.

ಬೆಳೆಸಿಕೊಂಡಿದ್ದಾರೆ, ಸಿಕ್ಕಾಪಟ್ಟೆ ಬೆಳೆಸಿಕೊಂಡಿದ್ದಾರೆ. ಹೆಂಚಿನ ಹಳೆಯ ಮನೆಗಳು ಅನೇಕ ಕಡೆ ಹೋಗಿ ಕಾಂಕ್ರೀಟಿನ ಮಹಡಿಗಳು ಎದ್ದಿವೆ. ನೋಡಿ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಅಂಗಳ ಅಂಗಳವಾಗಿಯೇ ಉಳಿದಿದೆ. ನಾನು ನಿಂತಲ್ಲಿ ತುಳಸಿಕಟ್ಟೆ, ಒಂದು ಮಾವಿನ ಮರ, ಅದರ ಕೆಳಗೆ ಹಳೆಯ ಸೀರೆ ಹಾಸಿ ಹರವಿದ್ದ ಹಪ್ಪಳ. ಕಾಗೆ ಕಾಯಲು ಕುಳಿತಿದ್ದ ಅಜ್ಜಿ ನನ್ನನ್ನು ಕಂಡು, ಯಾರ ಮನೆಗೆ ಬಂದಿರಿ ಎಂದು ಮರಾಠಿಯಲ್ಲಿ ವಿಚಾರಿಸಿದರು. ಯಾರ ಮನೆಗೂ ಅಲ್ಲ, ಅಂಗಳ ನೋಡಲು ಬಂದೆ ಎಂದೆ. ಅದಕ್ಕೆ ಅವರಿಗೆ ಆಶ್ಚರ್ಯವಾಗಲಿಲ್ಲ. ಆಗಾಗ ಕಾಲೇಜಿನ ಹುಡುಗರು ನೋಟ್‌ಬುಕ್ ಹಿಡಿದು ಬರುತ್ತಿರುತ್ತಾರಂತೆ.

ಬೇಲಾಪುರದ ಅಂಗಳವನ್ನು 22 ಮಹಡಿಗೆ ಏರಿಸಲು ಬರುವುದಿಲ್ಲ ಎಂಬ ಅರಿವು ನನಗಿದೆ. ಆದರೆ ಎರಡು ಮಹಡಿಗೊಂದರಂತೆ ಪೂರ್ವಕ್ಕೆ ತೆರೆದ ಜಗಲಿ ಬರುತ್ತದೆ. ಪ್ಯಾಸೇಜಿನ ಎರಡೂ ತುದಿಗೆ ಕಿಟಕಿ ಬರುತ್ತದೆ. ಜಾರು ಗಾಜಿನ ಬದಲು ಪೂರ್ತಿ ತೆರೆಯುವ ಕದದ ಕಿಟಕಿ ಬರುತ್ತದೆ. ನಾನು ಕುರ್ಲಾದ ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದೇನೆ. "ಅಷ್ಟು ಎಫ್‌ಎಸ್‌ಐ ವ್ಯರ್ಥವಾಗುತ್ತದೆ" ಎನ್ನುತ್ತಾರೆ ಡೆವಲಪರ್. ಎಫ್‌ಎಸ್‌ಐ ಎಂದರೆ ನಿವೇಶನದ ಅಳತೆಗೆ ತಕ್ಕಂತೆ ಕಟ್ಟಲು ಸಿಗುವ ಒಟ್ಟು ವಿಸ್ತೀರ್ಣ. ಎರಡು ಮಹಡಿ ಎತ್ತರದ ಲಾಬಿಯಲ್ಲಿ ಯಾರೂ ವಾಸಿಸುವುದಿಲ್ಲವಲ್ಲ, ಅದು ವ್ಯರ್ಥವಲ್ಲವೇ ಎಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಇದನ್ನೆಲ್ಲ ಕೇಳಲು ಸಮಯ ಯಾವುದು ಎಂಬುದನ್ನು ತಮ್ಮ ಪುರವಣಿ ಬರೆಯಬೇಕಿತ್ತು. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 79(ಎ) ಕಲಮಿನಡಿ 2019ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ಸೊಸೈಟಿ ಮೊದಲು ತನ್ನದೇ ಸಲಹೆಗಾರರನ್ನು ನೇಮಿಸಿಕೊಂಡು ಯೋಜನಾ ವರದಿ ಮಾಡಿಸಬೇಕು, ಡೆವಲಪರ್ ಆಯ್ಕೆಯ ಸಭೆಯನ್ನು ವಿಡಿಯೊ ಮಾಡಿಸಬೇಕು. ಆ ವರದಿ ಬರೆಯುವ ಹಂತದಲ್ಲೇ ಸದಸ್ಯರು ತಮ್ಮ ಸೂಚನೆಗಳನ್ನು ಕಾಗದದಲ್ಲಿ ಕೊಟ್ಟರೆ ಅದಕ್ಕೊಂದು ತೂಕ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಕಿಟಕಿ ಕೇಳಲು ಹೋದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ನಮ್ಮ ಸೊಸೈಟಿಯಲ್ಲಿ ಇನ್ನೂ ಸಹಿ ಆಗಿಲ್ಲ. ನನ್ನ ಅಳತೆಯ ಪಟ್ಟಿಗೆ ಹದಿನಾಲ್ಕು ಮನೆಯವರು ರುಜು ಹಾಕಿದ್ದಾರೆ. ಮೊದಲ ರುಜು ಕಾಕೂ ಅವರದು. ಉಳಿದ ಹತ್ತು ಮನೆಯವರು ಕಾರ್ಪಸ್ ಕಡಿಮೆಯಾದೀತೆಂದು ಹೆದರಿದ್ದಾರೆ. ಅವರನ್ನು ದೂರುವುದಿಲ್ಲ, ಇಬ್ಬರಿಗೆ ಮಗಳ ಮದುವೆ ಇದೆ.

ಮುಂದಿನ ಸಭೆ ಈ ತಿಂಗಳ ಕೊನೆಯ ಭಾನುವಾರ. ಮುಲುಂಡ್, ಘಾಟ್ಕೋಪರ್, ಡೊಂಬಿವಲಿ, ಠಾಣೆ, ಎಲ್ಲಿಯಾದರೂ ಸರಿ, ತೆರೆದ ಗ್ಯಾಲರಿಯನ್ನೋ ಕದದ ಕಿಟಕಿಯನ್ನೋ ಪುನರಾಭಿವೃದ್ಧಿಯ ಒಪ್ಪಂದದಲ್ಲಿ ಬರೆಸಿಕೊಂಡ ಸೊಸೈಟಿಯ ಕನ್ನಡಿಗರು ಯಾರಾದರೂ ಇದ್ದರೆ, ಆ ಷರತ್ತಿನ ವಾಕ್ಯವನ್ನು ಇದ್ದ ಹಾಗೆಯೇ ಈ ಪತ್ರಿಕೆಯ ಮೂಲಕ ತಿಳಿಸಬೇಕೆಂದು ವಿನಂತಿ. ಮರಾಠಿಯಲ್ಲಿದ್ದರೂ ಪರವಾಗಿಲ್ಲ. ನಮ್ಮ ವಕೀಲರು ಮಾದರಿ ಇಲ್ಲದೆ ಒಂದು ಸಾಲನ್ನೂ ಬರೆಯುವವರಲ್ಲ.

ಇತಿ,
ಹೌಸಿಂಗ್ ಸೊಸೈಟಿಯೊಂದರ ಖಜಾಂಚಿ,
ಚೆಂಬೂರು, ಮುಂಬಯಿ